ಬೈಕಿಗೊಂದು ಮೇಜು

ಬೈಕಿನ ಚೈನಿಗೆ ಎಣ್ಣೆ ಹಾಕಲು ಕೂತವನಿಗೆ ಏಳಲು ಆಗಲಿಲ್ಲ. ಇಷ್ಟೇ ವಿಷಯ. ಒಂದು ಕೈ ಸೀಟಿನ ಮೇಲೆ, ಇನ್ನೊಂದು ಗೋಡೆಯ ಮೇಲೆ ಊರಿ, 'ಅಮ್ಮಾ' ಅಂತ ಎದ್ದೆ. ಒಂದು ಕಾಲದಲ್ಲಿ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಕಾರ್ಬುರೇಟರ್ ಬಿಚ್ಚಿ ಜೋಡಿಸುತ್ತಿದ್ದವನು ನಾನು. ಈಗ ಮಂಡಿಯಿಂದ ಬರುವ ಸದ್ದಿಗೂ ಚೈನಿನ ಸದ್ದಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ಚೈನಿಗಾದರೆ ಎಣ್ಣೆ ಬಿಟ್ಟರೆ ಸುಮ್ಮನಾಗುತ್ತದೆ.

ಅವತ್ತು ರಾತ್ರಿಯೇ ಬೈಕ್ ಲಿಫ್ಟ್ ಹುಡುಕಲು ಕೂತೆ. ನಾವು ಬಗ್ಗುವ ಬದಲು ಬೈಕೇ ಮೇಲೆ ಬರಲಿ ಅನ್ನುವ ಲೆಕ್ಕ. ದೊಡ್ಡ ವರ್ಕ್‌ಶಾಪುಗಳಲ್ಲಿ ನೀವು ನೋಡಿರುತ್ತೀರಿ. ಉದ್ದನೆಯ ಕಬ್ಬಿಣದ ಹಲಗೆ, ಅದರ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಕೂಡಿಸಿದ ಕಾಲುಗಳು. ಇಳಿಸಿದಾಗ ನೆಲದಿಂದ ಒಂದು ಗೇಣು. ಎತ್ತಿದರೆ ಸೊಂಟದ ಮಟ್ಟ. ನೋಡಲು ಮೇಜು, ಮಾಡುವ ಕೆಲಸ ಜಾಕಿನದು.

ಎರಡೇ ದಿನದಲ್ಲಿ ಅಳತೆಗಳೆಲ್ಲ ಬಾಯಿಪಾಠವಾದವು. ಸಾಮಾನ್ಯವಾಗಿ ಉದ್ದ 2 ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಗಲ 55ರಿಂದ 70 ಸೆಂಟಿಮೀಟರ್. ಬೈಕು ಹತ್ತಿಸಲು ಹಿಂದಿನ ತುದಿಗೆ ಇಳಿಜಾರಿನ ಹಲಗೆ ಬೇರೆ. ಕಾಗದದ ಮೇಲೆ ಎಲ್ಲವೂ ಸಲೀಸು. ಮಗಳ ಸೀಮೆಸುಣ್ಣ ಎತ್ತಿಕೊಂಡು ಗ್ಯಾರೇಜಿನ ನೆಲದ ಮೇಲೆ ಅದೇ ಅಳತೆಯ ಚೌಕ ಎಳೆದಾಗ ಬಣ್ಣ ಬಯಲಾಯಿತು. ಚೌಕದ ಒಂದು ಮೂಲೆ ಹಳೇ ಕಪಾಟಿನ ಕಾಲಿನ ಕೆಳಗೆ ಹೋಯಿತು. ಇನ್ನೊಂದು ಮೂಲೆ ಬಾಗಿಲ ಹೊಸ್ತಿಲಿಗೆ ಬಂತು. ಲಿಫ್ಟಿಗೆ ಜಾಗ ಆದರೆ ಸಾಲದು, ಅದರ ಎರಡೂ ಪಕ್ಕ ನಾನು ಸ್ಟೂಲು ಹಾಕಿಕೊಂಡು ಕೂರಬೇಕು, ಸ್ಪ್ಯಾನರ್ ತಿರುಗಿಸಲು ಮೊಣಕೈ ಆಡಬೇಕು. ನಾನು ಆ ಗೆರೆಗಳ ಸುತ್ತ ಇಲ್ಲದ ಸ್ಪ್ಯಾನರ್ ತಿರುಗಿಸುತ್ತಾ ಓಡಾಡುತ್ತಿದ್ದದ್ದನ್ನು ಮನೆಯವಳು ಬಾಗಿಲಲ್ಲಿ ನಿಂತು ನೋಡಿದಳು.

"ಏನ್ರೀ ಇದು, ಕುಂಟಾಬಿಲ್ಲೆನಾ?"

ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೇಲೆ ನೋಡಿ, "ಎತ್ತಿದ ಮೇಲೆ ಆ ಲೈಟಿಗೆ ತಾಗಲ್ವಾ?" ಅಂದಳು.

ನಾನು ಮೇಲೆ ನೋಡಿಯೇ ಇರಲಿಲ್ಲ! ಬೈಕಿನ ಕನ್ನಡಿ ನೆಲದಿಂದ ಸುಮಾರು 1.2 ಮೀಟರ್. ಅದರ ಕೆಳಗೆ ಮುಕ್ಕಾಲು ಮೀಟರ್ ಲಿಫ್ಟು. ಎರಡೂ ಸೇರಿದರೆ ನನ್ನ ತಲೆಗಿಂತ ಎತ್ತರ. ಟ್ಯೂಬ್‌ಲೈಟು ಬಚಾವಾಯಿತು, ಆದರೆ ಮೇಲಕ್ಕೆ ಸರಿಯುವ ಬಾಗಿಲಿನ ಹಳಿಗೂ ಕನ್ನಡಿಗೂ ನಾಲ್ಕೇ ಬೆರಳು ಅಂತರ. ಲಿಫ್ಟ್ ಕೊಳ್ಳುವವರಿಗೆ ನನ್ನ ಮೊದಲ ಸಲಹೆ ಇದೇ: ನೆಲ ಅಳೆಯುವ ಮುಂಚೆ ಸೂರು ನೋಡಿ. ಅಥವಾ ಹೆಂಡತಿಯನ್ನು ಕರೆಯಿರಿ.

ಮುಂದಿನದು ಲಿಫ್ಟು ಎಷ್ಟು ಭಾರ ಎತ್ತುತ್ತದೆ ಅನ್ನುವುದು. ಎಲ್ಲ ಕಡೆ ಕಾಣುವ ಅಂಕಿ 450 ಕೆಜಿ. ಇದು ಸಾವಿರ ಪೌಂಡಿನ ಲೆಕ್ಕದಿಂದ ಬಂದದ್ದು. ಇನ್ನೂ ದೊಡ್ಡವೂ ಇವೆ. ದೂರ ಪ್ರಯಾಣದ ಭಾರೀ ಬೈಕುಗಳು 350 ಕೆಜಿ ದಾಟುತ್ತವೆ, ಅಂಥ ಬೈಕಿನವರಿಗೆ ಇಷ್ಟು ಶಕ್ತಿ ಬೇಕು. ನನ್ನದು 125 ಸಿಸಿ ಬೈಕು, ತೂಕ ಸುಮಾರು 120 ಕೆಜಿ. ಲಿಫ್ಟಿನ ಸ್ವಂತ ತೂಕವೇ 150 ಕೆಜಿಯ ಆಸುಪಾಸು. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ. ಅದನ್ನು ಗ್ಯಾರೇಜಿನೊಳಗೆ ತರಲು ನಾಲ್ಕು ಜನ ಬೇಕು, ಬೈಕನ್ನಾದರೆ ನಾನೊಬ್ಬನೇ ತಳ್ಳಿಕೊಂಡು ಬರುತ್ತೇನೆ.

ಆದರೆ ಒಂದು ಮಾತು. ಭಾರದ ಅಂಕಿಗಿಂತ ಬುಡದ ಅಗಲ ಮುಖ್ಯ. ಹಿಂದಿನ ಚಕ್ರದ ಆಕ್ಸಲ್ ನಟ್ಟು ತುಕ್ಕು ಹಿಡಿದು ಕೂತಿದೆ ಅಂತಿಟ್ಟುಕೊಳ್ಳಿ. ಉದ್ದನೆಯ ಸ್ಪ್ಯಾನರ್ ಹಾಕಿ ಮೈಭಾರವೆಲ್ಲ ಬಿಟ್ಟು ಎಳೆಯುತ್ತೀರಿ. ಆಗ ಬೈಕು ಮುಕ್ಕಾಲು ಮೀಟರ್ ಮೇಲಿದ್ದು, ಕೆಳಗಿನ ಬುಡ ಸಣ್ಣದಾಗಿದ್ದರೆ? ಮೇಜು ತೂಗುತ್ತದೆ, ಎದೆ ಧಸಕ್ ಅನ್ನುತ್ತದೆ. ತಿಳಿದವರು ಅಂಥ ನಟ್ಟನ್ನು ಬೈಕು ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಮೇಲೆತ್ತುತ್ತಾರೆ.

ಎತ್ತುವುದು ಹೇಗೆ ಅನ್ನುವುದರಲ್ಲಿ ಮೂರು ಬಗೆ. ಕಾಲಲ್ಲಿ ಪೆಡಲ್ ಒತ್ತುವುದು, ಗಾಳಿಯದು, ಕರೆಂಟಿನದು. ಗಾಳಿಯದಕ್ಕೆ ಕಂಪ್ರೆಸರ್ ಬೇಕು. ಕಂಪ್ರೆಸರ್ ಅಂದರೆ ಸದ್ದು. ಸದ್ದು ಅಂದರೆ ಪಕ್ಕದ ಮನೆಯವರು. ಕರೆಂಟಿನದು ಬೈಕಿಗಿಂತ ಚೆನ್ನಾಗಿದೆ ಅನ್ನಿಸಿ ಸಂಕೋಚವಾಯಿತು. ಪೆಡಲೇ ಸರಿ ಅಂದುಕೊಂಡೆ. ಮೂರರ ಹೊಟ್ಟೆಯಲ್ಲಿರುವುದೂ ಸಾಮಾನ್ಯವಾಗಿ ಕೊನೆಗೆ ಎಣ್ಣೆಯೇ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಅಂತ 17ನೇ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪಾಸ್ಕಲ್ ಹೇಳಿದ. ಹಾಗಾಗಿ ಸಣ್ಣ ಪಿಸ್ಟನ್ನನ್ನು ಒತ್ತಿ ದೊಡ್ಡ ಪಿಸ್ಟನ್ನಿನಲ್ಲಿ ಭಾರ ಎತ್ತಬಹುದು. ಪುಕ್ಕಟೆ ಏನೂ ಸಿಗುವುದಿಲ್ಲ, ಪಾದ ಗೇಣುದ್ದ ಇಳಿದರೆ ಬೈಕು ಒಂದಿಷ್ಟೇ ಇಷ್ಟು ಏರುತ್ತದೆ. ಅದರಲ್ಲೂ ಶುರುವಿನಲ್ಲಿ ಜೋರು ಜಾಸ್ತಿ ಬೇಕು, ಯಾಕೆಂದರೆ ಕತ್ತರಿಯ ಕಾಲುಗಳು ಆಗ ಚಪ್ಪಟೆ ಮಲಗಿರುತ್ತವೆ. ಬೆಳಗ್ಗೆ ಮಕ್ಕಳನ್ನು ಎಬ್ಬಿಸಿದ ಹಾಗೆ. ಎದ್ದು ಕೂತ ಮೇಲೆ ಪರವಾಗಿಲ್ಲ.

ಈ ತತ್ವ ಹಿಡಿದು 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ, ಅಂದರೆ ದ್ರವದ ಒತ್ತಡದಿಂದ ಅದುಮುವ ಯಂತ್ರಕ್ಕೆ, ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಅವನು ಬೀಗ ಮಾಡುವುದರಲ್ಲೂ ಹೆಸರುವಾಸಿ. ಅಂಗಡಿಯ ಕಿಟಕಿಯಲ್ಲಿ ಸವಾಲು ಹಾಕಿ ಇಟ್ಟಿದ್ದ ಅವನ ಬೀಗವನ್ನು 1851ರವರೆಗೆ ಯಾರಿಗೂ ತೆಗೆಯಲು ಆಗಲಿಲ್ಲವಂತೆ. ಲಿಫ್ಟ್ ನೋಡುವಾಗಲೆಲ್ಲ ನನಗೆ ಅವನ ನೆನಪು. ಯಾಕೆಂದರೆ ಲಿಫ್ಟಿಗೂ ಒಂದು ಬೀಗ ಬೇಕು. ಎಣ್ಣೆಯನ್ನು ನಂಬಿ ಕೂರುವ ಹಾಗಿಲ್ಲ, ಎಣ್ಣೆ ಸೋರದಂತೆ ತಡೆಯುವ ಒಂದು ಸೀಲು ಸವೆದರೂ ಮೇಜು ಮೆಲ್ಲಗೆ ಕೆಳಗೆ ಜಾರುತ್ತದೆ. ಅದಕ್ಕೇ ಮೇಲೆತ್ತಿದ ಮೇಲೆ ಕಬ್ಬಿಣದ ಸರಳೊಂದು ಹಲ್ಲಿಗೆ ಸಿಕ್ಕಿಕೊಂಡು ನಿಲ್ಲಬೇಕು. ಆಮೇಲೆ ಮೇಜಿನ ಭಾರ ಎಣ್ಣೆಯ ಮೇಲಲ್ಲ, ಆ ಸರಳಿನ ಮೇಲೆ. ಅದಿಲ್ಲದ ಲಿಫ್ಟು ಎಷ್ಟೇ ಅಗ್ಗವಾದರೂ ಬೇಡ.

ಇನ್ನು ಒಂದು ತಮಾಷೆ ಹೇಳಲೇಬೇಕು. ಮುಂದಿನ ಚಕ್ರ ಅಲುಗದಿರಲಿ ಅಂತ ಮೇಜಿನ ತುದಿಯಲ್ಲಿ ಒಂದು ಇಕ್ಕಳ ಇರುತ್ತದೆ. ಹಿಂದಿನ ಚಕ್ರ ಕೆಳಕ್ಕೆ ಇಳಿಸಲು ಅನುಕೂಲವಾಗಲಿ ಅಂತ ಹಿಂದೆ ತೆಗೆಯಬಹುದಾದ ಹಲಗೆ. ಸರಿ. ಆದರೆ ಮುಂದಿನ ಚಕ್ರವನ್ನೇ ಬಿಚ್ಚಬೇಕಾದರೆ? ಅದನ್ನು ಇಕ್ಕಳದಿಂದ ಬಿಡಿಸಬೇಕು, ಬೈಕನ್ನು ಪಟ್ಟಿಗಳಿಂದ ಬಿಗಿಯಬೇಕು, ಎಂಜಿನ್ ಕೆಳಗೆ ಸಣ್ಣ ಜಾಕ್ ಇಟ್ಟು ಎತ್ತಬೇಕು. ಎತ್ತುವ ಮೇಜಿನ ಮೇಲೆ ಇನ್ನೊಂದು ಎತ್ತುವ ಸಾಮಾನು. ಈ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ.

ಕೊನೆಗೂ ಮೇಜು ಬಂತು, ನಾಲ್ಕು ಜನರ ಕೈಯಲ್ಲಿ. ಕಪಾಟು ಜಾಗ ಬದಲಿಸಿತು. ಮೊದಲ ವಾರ ಅದರ ಮೇಲೆ ಬೈಕು ಬಿಟ್ಟು ಎಲ್ಲವೂ ಕೂತಿತ್ತು: ಹಳೇ ಪೇಪರಿನ ಕಟ್ಟು, ಮಗಳ ಸ್ಕೇಟಿಂಗ್ ಬೂಟು, ರಿಪೇರಿಗೆ ಕಾದಿದ್ದ ಫ್ಯಾನು. ಮನೆಯಲ್ಲಿ ಎಲ್ಲಿ ಚಪ್ಪಟೆ ಜಾಗ ಸಿಕ್ಕಿತೋ ಅಲ್ಲಿ ಸಾಮಾನು ಬೀಳುತ್ತದೆ, ಅಲ್ವಾ? ಭಾನುವಾರ ಎಲ್ಲ ತೆರವು ಮಾಡಿ, ಭಾವಮೈದುನನನ್ನು ಹಿಂದೆ ನಿಲ್ಲಿಸಿಕೊಂಡು ಬೈಕು ಹತ್ತಿಸಿದೆ. ಇಕ್ಕಳ ಬಿಗಿದೆ, ಎರಡೂ ಕಡೆ ಪಟ್ಟಿ ಕಟ್ಟಿದೆ. ಪೆಡಲ್ ಒತ್ತಿದ್ದೇ ಒತ್ತಿದ್ದು. ಟಕ್, ಟಕ್ ಅಂತ ಸರಳು ಒಂದೊಂದೇ ಹಲ್ಲು ದಾಟುವ ಸದ್ದು. ಬೈಕು ಮೆಲ್ಲಗೆ ನನ್ನ ಎದೆಯ ಮಟ್ಟಕ್ಕೆ ಬಂದು ನಿಂತಿತು.

ಹತ್ತು ವರ್ಷ ಓಡಿಸಿದ ಬೈಕು. ಅದರ ಹೊಟ್ಟೆ ಹೀಗಿದೆ ಅಂತ ನೋಡಿದ್ದೇ ಅವತ್ತು. ಸೈಲೆನ್ಸರಿನ ಅಡಿಯಲ್ಲಿ ಕಾಸಗಲ ತುಕ್ಕು. ಎಂಜಿನ್ನಿನ ಬದಿಗೆ ಒಣಗಿ ಅಂಟಿದ ಕೆಸರು, ಅದರಲ್ಲಿ ಒಂದು ಎಲೆ. ಬಗ್ಗಲಿಲ್ಲ, ಕೂರಲಿಲ್ಲ, ಮಂಡಿ ಮಾತಾಡಲಿಲ್ಲ. ಆಯಿಲ್ ಇಳಿಸುವ ಬೋಲ್ಟಿನ ಮೇಲೆ ಬರೆದಿದ್ದ ಅಳತೆ ಓದೋಣ ಅಂತ ಮುಖ ಹತ್ತಿರ ತಂದೆ. ಮಂಜು ಮಂಜು. ಸ್ವಲ್ಪ ಹಿಂದೆ ಸರಿದೆ. ಆಗಲೂ ಮಂಜು.

"ಏನು ಭಾವ, ಏನಾಯ್ತು?" ಅಂದ ಭಾವಮೈದುನ.

"ಏನಿಲ್ಲ. ಒಳಗೆ ಹೋಗಿ ನನ್ನ ಚಾಳೀಸು ತಗೊಂಡು ಬಾ."