ಕಾಳಿ ಏರಿದಾಗ ಯಾರು, ಯಾವಾಗ, ಯಾವ ದಾರಿಯಲ್ಲಿ ಹೊರಡುತ್ತಾರೆ?

ಉತ್ತರ ಕನ್ನಡದ ಕಾಳಿ ನದಿಯ ಕದ್ರಾ ಅಣೆಕಟ್ಟೆಯ ಗೇಟು ತೆರೆದರೆ ಕೆಳಗಿನ ಊರುಗಳನ್ನು ಖಾಲಿ ಮಾಡಿಸಲು ಎಷ್ಟು ಹೊತ್ತು ಬೇಕು? 2019ರಲ್ಲೂ 2021ರಲ್ಲೂ ಕದ್ರಾ, ಮಲ್ಲಾಪುರದ ಕಡೆ ನೀರು ನುಗ್ಗಿದ ಮೇಲಂತೂ ಇದಕ್ಕೆ ಬಾಯಿಮಾತಿನ ಅಂದಾಜು ಸಾಲದು. ಕಂಪ್ಯೂಟರಿನಲ್ಲಿ ಮೊದಲೇ ನಡೆಸಿ ನೋಡಬಹುದು. ಜರ್ಮನಿಯ ಡಿಎಲ್‌ಆರ್ ಸಂಶೋಧನಾ ಸಂಸ್ಥೆಯ 'ಸುಮೋ' ಎಂಬ, ರಸ್ತೆಯ ವಾಹನ ಸಂಚಾರವನ್ನು ಕಂಪ್ಯೂಟರಿನಲ್ಲಿ ನಡೆಸಿ ತೋರಿಸುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆದರೆ ಅದನ್ನು ಇಳಿಸಿಕೊಂಡ ಹಾಗೇ ಓಡಿಸಿ, ಬಂದ ಉತ್ತರವನ್ನು ನಂಬುವುದು ಅಪಾಯ.

ಮೊದಲು ಜನರ ವಿಷಯ. ಅನಾಹುತವೆಂದರೆ ಎಲ್ಲರೂ ದಿಕ್ಕೆಟ್ಟು ಓಡುತ್ತಾರೆ ಎಂದುಕೊಳ್ಳುತ್ತೇವೆ. ನಿಜದಲ್ಲಿ ಹೆಚ್ಚಿನವರು ಓಡುವುದಿಲ್ಲ, ತಡಮಾಡುತ್ತಾರೆ. ಪಕ್ಕದ ಮನೆಯವರನ್ನು ಕೇಳುತ್ತಾರೆ, ಹೊಳೆ ಎಲ್ಲಿಗೆ ಬಂತೆಂದು ನೋಡಿ ಬರುತ್ತಾರೆ, ಕೊಟ್ಟಿಗೆಯ ದನ ಬಿಚ್ಚುತ್ತಾರೆ, ಮನೆಮಂದಿಯೆಲ್ಲ ಕೂಡಿದ ಮೇಲೆಯೇ ಹೊರಡುತ್ತಾರೆ. ಹಾಗಾಗಿ ಸೈರನ್ ಆದ ಕ್ಷಣಕ್ಕೇ ಎಲ್ಲ ವಾಹನಗಳನ್ನೂ ರಸ್ತೆಗಿಳಿಸುವ ಮಾದರಿ ಸುಳ್ಳು. ಮೊದಲು ಕೆಲವರು, ನಡುವೆ ಒಮ್ಮೆಲೇ ಬಹಳ ಮಂದಿ, ಕೊನೆಗೆ ಹೊರಡಲೊಪ್ಪದ ಹಿರಿಯರು: ಹೊರಡುವ ಹೊತ್ತನ್ನು ಹೀಗೆ ಹಂಚಬೇಕು. ಮಕ್ಕಳನ್ನೋ ಅಪ್ಪ-ಅಮ್ಮನನ್ನೋ ಕರೆತರಲು ಹೊಳೆಯ ಕಡೆಗೇ ಹೋಗುವ ಬೈಕುಗಳನ್ನೂ ಸೇರಿಸಬೇಕು. ಇವನ್ನು ಬಿಟ್ಟರೆ ಕಿರಿದಾದ ರಸ್ತೆಯಲ್ಲಿ ಎದುರುಬದುರಾಗುವ ತೊಡಕು ಲೆಕ್ಕಕ್ಕೇ ಬರುವುದಿಲ್ಲ. ಕಾಲ್ನಡಿಗೆಗೆ ಬಹಳಷ್ಟು ಮಾದರಿಗಳು ಸೆಕೆಂಡಿಗೆ ಸುಮಾರು 1.34 ಮೀಟರ್ ಹಿಡಿಯುತ್ತವೆ. ಅಜ್ಜಿ ಜೊತೆಗಿದ್ದರೆ ಇಡೀ ಕುಟುಂಬ ಅಜ್ಜಿಯ ವೇಗದಲ್ಲೇ ನಡೆಯುತ್ತದೆ, 0.8 ಇಟ್ಟು ನೋಡಿ.

ಇನ್ನು ರಸ್ತೆ. ನಕ್ಷೆಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತರುವಾಗ ಎಡಬದಿ ಸಂಚಾರದ ಆಯ್ಕೆ ಹಾಕಲೇಬೇಕು. ಲ್ಯಾಟರಲ್ ರೆಸಲ್ಯೂಶನ್ (ಲೇನನ್ನು ಅಡ್ಡಕ್ಕೆ ಸಣ್ಣ ಪಟ್ಟಿಗಳಾಗಿ ಸೀಳುವ ಅಳತೆ) ಕೊಡದಿದ್ದರೆ ಒಂದು ಬೈಕು ಇಡೀ ಲೇನು ಹಿಡಿದು ನಿಲ್ಲುತ್ತದೆ, 0.8 ಮೀಟರ್ ಕೊಟ್ಟರೆ ಸಂದಿಯಲ್ಲಿ ನುಸುಳುತ್ತದೆ. ನಿಂತ ಕಾರುಗಳ ನಡುವೆ ಸುಮೋ ತಾನಾಗಿ 2.5 ಮೀಟರ್ ಅಂತರ ಬಿಡುತ್ತದೆ. ಅಷ್ಟು ಜಾಗ ನಮ್ಮ ಯಾವ ರಸ್ತೆಯಲ್ಲೂ ಯಾರೂ ಬಿಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಟೆಲಿಪೋರ್ಟ್. ವಾಹನವೊಂದು 300 ಸೆಕೆಂಡು ಅಲುಗಾಡದೆ ನಿಂತರೆ ಸುಮೋ ಅದನ್ನು ಅಲ್ಲಿಂದೆತ್ತಿ ಮುಂದಿನ ಖಾಲಿ ಜಾಗದಲ್ಲಿ ಇಡುತ್ತದೆ. ದಿನನಿತ್ಯದ ಸಂಚಾರಕ್ಕೆ ಸರಿ. ಆದರೆ ಊರು ಖಾಲಿ ಮಾಡಿಸುವ ಲೆಕ್ಕದಲ್ಲಿ ನಾವು ಹುಡುಕುತ್ತಿರುವುದೇ ಆ ಜಾಮು! ಅದನ್ನೇ ಅಳಿಸಿದರೆ ವರದಿಯಲ್ಲಿ ಎಲ್ಲರೂ ಸುರಕ್ಷಿತವಾಗಿ ಕಾಳಜಿ ಕೇಂದ್ರ ತಲುಪಿರುತ್ತಾರೆ. ಆ 300 ಸೆಕೆಂಡಿನ ಮೌಲ್ಯವನ್ನು -1 ಮಾಡಿ, ಟೆಲಿಪೋರ್ಟ್ ನಿಲ್ಲುತ್ತದೆ. ಆಗ ಸಂಚಾರ ಪೂರ್ತಿ ಕಟ್ಟಿಕೊಂಡರೆ, ಅದು ನಿಜವಾದ ಜಾಮೋ ನಕ್ಷೆಯಲ್ಲಿ ಜಂಕ್ಷನ್ ತಪ್ಪಾಗಿ ಬಂದಿದೆಯೋ ಎಂದು ಪರದೆಯ ಮೇಲೆ ಕಣ್ಣಾರೆ ನೋಡಬೇಕು.

ರಸ್ತೆಗಳೆಲ್ಲ ತೆರೆದಿರುತ್ತವೆ ಎಂದು ಈ ಜಿಲ್ಲೆಯಲ್ಲಿ ಯಾರೂ ಊಹಿಸಬಾರದು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು; ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೇ ಸೇತುವೆ ಬಿತ್ತು. ಮಾದರಿಯಲ್ಲಿ ಒಂದೊಂದೇ ರಸ್ತೆಯನ್ನೋ ಸೇತುವೆಯನ್ನೋ ಓಟದ ನಡುವೆಯೇ ಮುಚ್ಚಿ ನೋಡಬೇಕು. ಆ ಸುದ್ದಿ ಎಲ್ಲ ಚಾಲಕರಿಗೂ ತಕ್ಷಣ ತಿಳಿಯಿತು ಎಂದೂ ಹಿಡಿಯಬಾರದು, ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ.

ಒಂದೇ ಓಟದ ಫಲಿತಾಂಶ ಬೇಡ. ಬೇರೆ ಬೇರೆ ಸೀಡ್ (ಪ್ರತಿ ಓಟದ ಆಕಸ್ಮಿಕಗಳನ್ನು ಬದಲಿಸುವ ಆರಂಭದ ಸಂಖ್ಯೆ) ಕೊಟ್ಟು ಕನಿಷ್ಠ ನೂರು ಸಲ ಓಡಿಸಿ, ಸರಾಸರಿಯನ್ನು ಬದಿಗಿಟ್ಟು, ನೂರರಲ್ಲಿ 95 ಓಟಗಳು ಮುಗಿಯುವ ಹೊತ್ತನ್ನು ಯೋಜನೆಗೆ ಬಳಸಿ. ಅದಕ್ಕೂ ಮೊದಲು 2019ರ ನೆರೆಯನ್ನು ಈ ಮಾದರಿಯಲ್ಲಿ ಮತ್ತೆ ಓಡಿಸಬೇಕು. ಸುದ್ದಿ ಯಾವಾಗ ತಿಳಿಯಿತು, ಮನೆ ಬಿಟ್ಟದ್ದು ಯಾವಾಗ, ಯಾವ ವಾಹನದಲ್ಲಿ, ಯಾವ ದಾರಿಯಲ್ಲಿ, ಯಾರಿಗಾಗಿ ಕಾದರು: ಈ ಐದು ಪ್ರಶ್ನೆ ಹಿಡಿದು ಗ್ರಾಮ ಪಂಚಾಯಿತಿಯವರು ಮನೆಮನೆಗೆ ಹೋದರೆ ಬೇಕಾದ ಮಾಹಿತಿ ಸಿಗುತ್ತದೆ.