372ನೆಯ ರೋಗಿ

ಆಸ್ಪತ್ರೆಯೊಂದಕ್ಕೆ ಎಷ್ಟು ಹಾಸಿಗೆ ಬೇಕೆಂದು ತಿಳಿಯಲು ರೋಗಿಗಳ ತಲೆ ಎಣಿಸುವುದು ಹಳೆಯ ಪದ್ಧತಿ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಗೊಂಡ ಜಯದೇವ ಹೃದ್ರೋಗ ಆಸ್ಪತ್ರೆಗೆ 371 ಹಾಸಿಗೆಗಳು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ ಈ ಸಂಖ್ಯೆ. ಎದೆನೋವು ಬಂದವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುತ್ತಿದ್ದ ಊರಿಗೆ ಇಂಥ ಆಸ್ಪತ್ರೆ ಬಂದದ್ದು ದೊಡ್ಡ ಉಪಕಾರವೇ ಸರಿ. ಅದನ್ನು ಗೇಲಿ ಮಾಡಿದರೆ ನಾಲಿಗೆ ಬಿದ್ದೀತು. ನನ್ನ ತಕರಾರೇನಿದ್ದರೂ ಲೆಕ್ಕದ ಮೇಷ್ಟ್ರ ಮೇಲೆ.

ಪುಣ್ಯಕ್ಕೆ ಮೇಷ್ಟ್ರು ಸಂವಿಧಾನವನ್ನು ಕೊನೆಯ ಕಡೆಯ ಪುಟಗಳಲ್ಲಿ ತೆರೆದರು. ಜನಾರೋಗ್ಯವನ್ನು ಸುಧಾರಿಸುವುದು ಸರ್ಕಾರದ ಕರ್ತವ್ಯವೆನ್ನುವ 47ನೇ ವಿಧಿಯೋ, ಜೀವಿಸುವ ಹಕ್ಕನ್ನು ಕಾಯುವ 21ನೇ ವಿಧಿಯೋ ಕಣ್ಣಿಗೆ ಬಿದ್ದಿದ್ದರೆ ಏಳು ಜಿಲ್ಲೆಗಳ ಜನ ಅಷ್ಟೇ ಹಾಸಿಗೆಗಳಲ್ಲಿ ಮಲಗಬೇಕಾಗುತ್ತಿತ್ತು. ಸಮಾನತೆಯ 14ನೇ ವಿಧಿಯ ಮೇಲೆ ಭಕ್ತಿ ಉಕ್ಕಿದ್ದರಂತೂ ಹದಿನಾಲ್ಕೇ ಗತಿ.

ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗದೆ ಖಾಸಗಿಗೆ ಹೋಗುವವರನ್ನೂ ಲೆಕ್ಕ ಬಿಡುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಚಿಕಿತ್ಸೆಗೆ ನಿಗದಿಪಡಿಸಿದ ದರದ, ಶೇ. 30ರಷ್ಟನ್ನು, ಅದೂ 1.5 ಲಕ್ಷದೊಳಗೆ, ಸರ್ಕಾರ ಭರಿಸುತ್ತದೆ. ತುರ್ತು ಕಾಯಿಲೆಯಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನೂ ತರಬೇಕು. ಹೀಗಾಗಿ ಯಾದಗಿರಿ ಜಿಲ್ಲೆಯ ಹಳ್ಳಿಯ ಮುದುಕಿಯೊಬ್ಬಳು ತನ್ನ ರೋಗವನ್ನು ಡಾಕ್ಟರಿಗೆ ತೋರಿಸುವ ಮೊದಲು ತನ್ನ ಬಡತನವನ್ನು ಕೌಂಟರಿಗೆ ತೋರಿಸುತ್ತಾಳೆ. ಜೆರಾಕ್ಸ್ ಅಂಗಡಿಗೂ ಕೌಂಟರಿಗೂ ಓಡಾಡುತ್ತಿರುವ ಅವಳ ಮಗನ ಆ ದಿನದ ಕೂಲಿ ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ.

ಅಂದಹಾಗೆ, ಈ ಭಾಗದ ಹೆಸರಿಗೆ 2019ರಲ್ಲೇ ಶಸ್ತ್ರಚಿಕಿತ್ಸೆ ಮಾಡಿ 'ಹೈದರಾಬಾದ'ನ್ನು ಕತ್ತರಿಸಿ 'ಕಲ್ಯಾಣ'ವನ್ನು ಕಸಿ ಮಾಡಲಾಗಿದೆ. ಹೆಸರು ಚೇತರಿಸಿಕೊಂಡಿದೆ. ರೋಗಿ ಮಾತ್ರ ಈಗಲೂ ಆಗಾಗ ಹೈದರಾಬಾದಿನ ಬಸ್ಸನ್ನೇ ಹತ್ತುತ್ತಾನೆ.

ಇನ್ನು 371 ಹಾಸಿಗೆಗಳೂ ತುಂಬಿದ ದಿನ ಬಾಗಿಲಲ್ಲಿ ಮತ್ತೊಬ್ಬ ಬಂದು ನಿಂತರೆ ಮೇಷ್ಟ್ರು ಗಾಬರಿಯಾಗಬೇಕಿಲ್ಲ, ಪುಟ ತಿರುವಿದರೆ ಸಾಕು. ಹಿಂದಿನಿಂದ ಜಾರಿಯಲ್ಲಿರುವ ಕಾನೂನುಗಳು ಬದಲಾಯಿಸುವವರೆಗೆ ಹಾಗೆಯೇ ಮುಂದುವರಿಯತಕ್ಕದ್ದು ಎನ್ನುತ್ತದೆ 372ನೇ ವಿಧಿ. ಈ ಭಾಗದಲ್ಲಿ ಹಿಂದಿನಿಂದ ಜಾರಿಯಲ್ಲಿರುವುದು ಎಲ್ಲರಿಗೂ ಬಾಯಿಪಾಠ: "ಸೊಲ್ಲಾಪುರಕ್ಕ ಒಯ್ಯಿರಿ."