ಬೂರ್ಜ್‌ನ ಜಾಕ್ ಕರ್ ಮನೆ: ಗಾಥಿಕ್ ಅಂದರೆ ಬರೀ ಚರ್ಚು ಅಲ್ಲ

ಫ್ರಾನ್ಸಿನ ಬೂರ್ಜ್ ಊರಿಗೆ ಹೋಗುವವರಲ್ಲಿ ಬಹಳ ಜನ ಅಲ್ಲಿನ ಕೆಥೆಡ್ರಲ್ ಅನ್ನುವ ದೊಡ್ಡ ಚರ್ಚು ನೋಡಿಕೊಂಡು ವಾಪಸ್ ಬಂದುಬಿಡುತ್ತಾರೆ. ಮಧ್ಯಯುಗದ ಯುರೋಪಿನಲ್ಲಿ ಬೆಳೆದ, ಚೂಪು ಕಮಾನುಗಳ ಗಾಥಿಕ್ ಶೈಲಿಯ ಆ ಕೆಥೆಡ್ರಲ್ ಅದ್ಭುತವೇ, ಎರಡು ಮಾತಿಲ್ಲ. ಆದರೆ ಅದೇ ಊರಲ್ಲಿ ಜಾಕ್ ಕರ್ ಅನ್ನುವ ವ್ಯಾಪಾರಿ ಅದೇ ಶೈಲಿಯಲ್ಲಿ ಕಟ್ಟಿಸಿದ ಮನೆಯಿದೆ. ದೇವರಿಗೆ ಕಟ್ಟುತ್ತಿದ್ದ ಕೈಗಳು ಮನುಷ್ಯರ ಅನುಕೂಲಕ್ಕೆ ಕಟ್ಟಿದರೆ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಈ ಮನೆಯನ್ನೇ ನೋಡಬೇಕು.

ಜಾಕ್ ಕರ್‌ನ ಅಪ್ಪ ತುಪ್ಪಳದ ಚರ್ಮ ಮಾರುತ್ತಿದ್ದವನು. ಮಗ ಹಡಗುಗಳನ್ನು ಇಟ್ಟುಕೊಂಡು ಮೆಡಿಟರೇನಿಯನ್ ಆಚೆಯ ಪೂರ್ವದ ಬಂದರುಗಳ ಜೊತೆ ವ್ಯಾಪಾರ ಮಾಡಿದ. ದೊರೆ 7ನೇ ಚಾರ್ಲ್ಸ್‌ಗೇ ಸಾಲ ಕೊಡುವಷ್ಟು ಬೆಳೆದ. 1443ರಲ್ಲಿ ಮನೆಯ ಕೆಲಸ ಶುರುವಾಯಿತು.

ಜಾಗ ಆರಿಸಿದ್ದರಲ್ಲೇ ಜಾಣತನ ಕಾಣುತ್ತದೆ. ಮನೆಯ ಹಿಂಭಾಗ ನಿಂತಿರುವುದು ರೋಮನ್ನರ ಕಾಲದ ಊರಗೋಡೆಯ ಮೇಲೆ. ಹಾಗಾಗಿ ಕೆಳಗಿನಿಂದ ನೋಡಿದರೆ ಥೇಟ್ ಕೋಟೆ. ಬೀದಿ ಕಡೆ ಬಂದರೆ ಬೇರೆಯೇ ಮುಖ. ಗೋಡೆಯಲ್ಲಿ ಸುಳ್ಳು ಕಿಟಕಿಗಳು, ಅವುಗಳಿಂದ ಹೊರಗೆ ಬಾಗಿ ನೋಡುವ ಕಲ್ಲಿನ ಗಂಡು, ಕಲ್ಲಿನ ಹೆಣ್ಣು. ಜಾಕ್ ಕರ್‌ನ ಹೆಸರಿನ ಗುರುತಾಗಿ ಕಪ್ಪೆಚಿಪ್ಪು, ಹೃದಯ ಎಲ್ಲೆಲ್ಲೂ ಕೆತ್ತಿವೆ: ಕಪ್ಪೆಚಿಪ್ಪು ಸಂತ ಜಾಕ್‌ನ ಗುರುತು, ‘ಕರ್’ ಅಂದರೆ ಫ್ರೆಂಚಿನಲ್ಲಿ ಹೃದಯ. ‘ಗಟ್ಟಿ ಎದೆಯವರಿಗೆ ಅಸಾಧ್ಯವಾದದ್ದು ಯಾವುದೂ ಇಲ್ಲ’ ಅನ್ನುವ ಅವನ ಮಾತನ್ನೂ ಕಲ್ಲಲ್ಲಿ ಕೆತ್ತಿಸಿದ್ದಾನೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸುವುದು ಒಳ ಅಂಗಳ. ಸುತ್ತಲೂ ಹಲವು ಮೆಟ್ಟಿಲು ಗೋಪುರಗಳು. ಅಡುಗೆಮನೆಗೆ ಹೋಗುವವರಿಗೆ ಒಂದು, ಪ್ರಾರ್ಥನೆಯ ಕೋಣೆಗೆ ಹೋಗುವವರಿಗೆ ಇನ್ನೊಂದು. ಅಡುಗೆಮನೆಯ ಕಡೆಯ ಬಾಗಿಲ ಮೇಲೆ ಅಡುಗೆ ಮಾಡುವವರ ಚಿತ್ರ ಕೆತ್ತಿದೆ, ಪ್ರಾರ್ಥನೆಯ ಕೋಣೆಯ ಕಡೆ ಪೂಜೆಗೆ ಸಿದ್ಧತೆ ನಡೆಯುತ್ತಿದೆ. ಓದು ಬಾರದ ಆಳಿಗೂ ಯಾವ ಬಾಗಿಲು ಎಲ್ಲಿಗೆ ಅಂತ ತಿಳಿಯುತ್ತದೆ ಅಲ್ವಾ? ಇಷ್ಟು ದೊಡ್ಡ ಮನೆಯಲ್ಲಿ ಯಾರು ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ ಅಂತ ಯೋಚಿಸಿ ಕಟ್ಟಿದ್ದಾರೆ. ಬಿಸಿನೀರಿನ ಹಬೆಯ ಸ್ನಾನದ ಕೋಣೆಯೂ ಇದೆ, ಶೌಚಾಲಯಗಳೂ ಇವೆ. 15ನೇ ಶತಮಾನದ ಮನೆ ಅನ್ನುವುದನ್ನು ಮರೆಯಬೇಡಿ.

ಇನ್ನೊಂದು ಕೆತ್ತನೆ ಬಗ್ಗೆ ಹೇಳದೆ ಬಿಡಲಾರೆ. ಒಂದು ಅಗ್ಗಿಷ್ಟಿಕೆಯ ಮೇಲೆ ಹಳ್ಳಿಯವರು ಕತ್ತೆಗಳ ಮೇಲೆ ಕೂತು ಕಾಳಗ ಆಡುತ್ತಿದ್ದಾರೆ. ಕುದುರೆ ಮೇಲೆ ಈಟಿ ಹಿಡಿದು ಆಡುವ ಕುಲೀನರ ಆಟವನ್ನು ಹೀಗೆ ನಗೆಪಾಟಲು ಮಾಡಿದ್ದಾರೆ. ಆಗ ತಾನೇ ಕುಲೀನರ ಸಾಲಿಗೆ ಸೇರಿದವನು ತನ್ನ ಮನೆಯಲ್ಲೇ ಇದನ್ನು ಕೆತ್ತಿಸಬೇಕಾದರೆ ಎಂಥ ಧೈರ್ಯ ಬೇಕು!

ಆ ಮನೆಯಲ್ಲಿ ಅವನಿಗೆ ಬಾಳುವ ಭಾಗ್ಯ ಮಾತ್ರ ಸಿಗಲಿಲ್ಲ. 1451ರಲ್ಲಿ ದೊರೆಯೇ ಅವನನ್ನು ಬಂಧಿಸಿದ. ದೊರೆಯ ಪ್ರೇಯಸಿ ಆ್ಯಗ್ನೆಸ್ ಸೊರೆಲ್‌ಗೆ ವಿಷ ಹಾಕಿದ ಅನ್ನುವ ಆರೋಪವೂ ಬಂತು. ಸೆರೆಯಿಂದ ತಪ್ಪಿಸಿಕೊಂಡವನು 1456ರಲ್ಲಿ ಈಗಿನ ಗ್ರೀಸಿನ ಕಿಯೋಸ್ ದ್ವೀಪದಲ್ಲಿ ತೀರಿಕೊಂಡ. ಜಪ್ತಿಯಾಗಿದ್ದ ಮನೆ ಅವನ ಮಕ್ಕಳ ಕೈಗೆ ವಾಪಸ್ ಬಂತು. ಮುಂದೆ ಎಷ್ಟೋ ಕಾಲ ಕಚೇರಿ, ನ್ಯಾಯಾಲಯವಾಗಿ ಬಳಕೆಯಾಯಿತು. 20ನೇ ಶತಮಾನದಲ್ಲಿ ಸರ್ಕಾರ ಕೊಂಡು ದುರಸ್ತಿ ಮಾಡಿಸಿತು.

ಈ ಮನೆಯ ಮಾತು ಬಂದಾಗಲೆಲ್ಲ ಎಲ್ಲರೂ ಅವನ ಏಳುಬೀಳಿನ ಕಥೆಯನ್ನೇ ಹೇಳುತ್ತಾರೆ. ಕಥೆ ದೊಡ್ಡದೇ, ಒಪ್ಪುತ್ತೇನೆ. ಆದರೆ ಕಟ್ಟಿದ ಕಲ್ಲುಕುಟಿಗರು, ಬಡಗಿಗಳ ಹೆಸರು ಯಾರ ಬಾಯಲ್ಲೂ ಇಲ್ಲ. ನೀವು ಹೋದರೆ ದಯವಿಟ್ಟು ಅಟ್ಟಕ್ಕೆ ಹತ್ತಿ. ಮಗುಚಿದ ಹಡಗಿನ ಹಾಗೆ ಕಾಣುವ ಮರದ ಚಾವಣಿ ಅಲ್ಲಿದೆ. ಅವರ ಕೈಕೆಲಸ ಅಲ್ಲಿ ಯಾವ ಅಲಂಕಾರವೂ ಇಲ್ಲದೆ ಕಾಣುತ್ತದೆ.